ಹಂಟಿಂಗ್ಟನ್ ಸುದ್ದಿಯ ಆಚೆ: ಮನೆತನದಲ್ಲಿ ಬರುವ ನಡುಕಕ್ಕೆ ಯಾವ ಪರೀಕ್ಷೆ ಮೊದಲು?

2025ರ ಸೆಪ್ಟೆಂಬರ್ ಕೊನೆಗೆ ದೊಡ್ಡ ಸುದ್ದಿಯೊಂದು ಬಂತು. ಮೆದುಳು ನಿಧಾನವಾಗಿ ಕೆಟ್ಟು ಮೈಕೈಯ ಹಿಡಿತವೂ ಬುದ್ಧಿಯೂ ತಪ್ಪುತ್ತಾ ಹೋಗುವ, ವಂಶದಲ್ಲಿ ಬರುವ ಹಂಟಿಂಗ್ಟನ್ ಕಾಯಿಲೆಗೆ ಮೊದಲ ಬಾರಿ ಮದ್ದು ಸಿಕ್ಕಿದೆ, ಕಾಯಿಲೆ ಶೇಕಡಾ 75ರಷ್ಟು ನಿಧಾನವಾಗಿದೆ ಎಂದು. ನವೆಂಬರ್ ಮೊದಲ ವಾರಕ್ಕೆ ಇನ್ನೊಂದು ಸುದ್ದಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಪುರಾವೆ ಸಾಕು ಎಂದು ಒಪ್ಪುತ್ತಿಲ್ಲ ಎಂದು. ಮನೆಯಲ್ಲಿ ಇಂಥ ಕಾಯಿಲೆ ಇರುವವರು ಎರಡನ್ನೂ ಓದಿದರೆ ತಲೆ ಕೆಡದೆ ಇರುತ್ತದೆಯೇ? ಮದ್ದು ಬಂದಿದೆಯೋ ಇಲ್ಲವೋ? ಬಂದಿದ್ದರೆ ನಮ್ಮ ಕಾಸರಗೋಡಿನ ಮಂಜೇಶ್ವರದಲ್ಲೋ ಬದಿಯಡ್ಕದಲ್ಲೋ ಇರುವ ಒಬ್ಬ ರೋಗಿಗೆ ಅದರಿಂದ ಏನು ಪ್ರಯೋಜನ?

ಉತ್ತರ ಬೇಕಾದರೆ ಈ ಕಾಯಿಲೆಗಳು ತಂದೆ ತಾಯಿಯಿಂದ ಮಕ್ಕಳಿಗೆ ಹೇಗೆ ಬರುತ್ತವೆ ಎಂಬುದನ್ನು ಸ್ವಲ್ಪ ತಾಳ್ಮೆಯಿಂದ ನೋಡಬೇಕು. ಹಾಗೆ ನೋಡುತ್ತಾ ಹೋದರೆ ಇನ್ನೊಂದು ವಿಷಯವೂ ಕಾಣುತ್ತದೆ. ಈಗಲೇ ಮದ್ದಿರುವ, ಆ ಮದ್ದು ದುಬಾರಿಯೂ ಅಲ್ಲದ ಕೆಲವು ವಂಶದ ಕಾಯಿಲೆಗಳು ಪತ್ತೆಯಾಗದೆ ಉಳಿದುಬಿಡುತ್ತವೆ. ನಮ್ಮ ಗಡಿನಾಡಿಗೆ ಸದ್ಯಕ್ಕೆ ಹೆಚ್ಚು ತುರ್ತಾದ ವಿಷಯ ಅದೇ.

ಎರಡು ಸುದ್ದಿ, ಎರಡೂ ನಿಜ

ಯೂನಿಕ್ಯೂರ್ ಎಂಬ ಕಂಪನಿಯ ಈ ಚಿಕಿತ್ಸೆಯ ಹೆಸರು ಎಎಂಟಿ-130. ಇದು ಮಾತ್ರೆಯೂ ಅಲ್ಲ, ಕೈಗೆ ಚುಚ್ಚುವ ಇಂಜೆಕ್ಷನ್ನೂ ಅಲ್ಲ. ತಲೆಬುರುಡೆಗೆ ಸಣ್ಣ ತೂತು ಕೊರೆದು, ಎಂಆರ್‌ಐ ಚಿತ್ರ ನೋಡಿಕೊಂಡು, ಮೆದುಳಿನ ಒಳಭಾಗಕ್ಕೆ ಔಷಧವನ್ನು ನಿಧಾನವಾಗಿ ಬಿಡುತ್ತಾರೆ. ಹಲವು ಗಂಟೆಗಳ ಶಸ್ತ್ರಚಿಕಿತ್ಸೆ ಅದು. ಹಾನಿ ಮಾಡದ ಒಂದು ವೈರಸ್‌ನ ಮೂಲಕ ಒಳಗೆ ಹೋದ ಸಂದೇಶವು ಈ ಕಾಯಿಲೆಯಲ್ಲಿ ಕೆಟ್ಟು ಮೆದುಳಿಗೆ ಹಾನಿ ಮಾಡುವ ಹಂಟಿಂಗ್ಟಿನ್ ಎಂಬ ಪ್ರೋಟೀನಿನ ತಯಾರಿಯನ್ನು ಕಡಿಮೆ ಮಾಡುತ್ತದೆ.

ಶೇ 75 ಎಂಬ ಲೆಕ್ಕ ಹೆಚ್ಚು ಡೋಸ್ ಪಡೆದು 3 ವರ್ಷ ಪೂರೈಸಿದ 12 ಜನರದ್ದು. ಕಾಯಿಲೆ ಶೇ 75 ವಾಸಿಯಾಯಿತು ಎಂದು ಇದರ ಅರ್ಥ ಅಲ್ಲ. ಒಂದು ವರ್ಷದಲ್ಲಿ ಆಗುತ್ತಿದ್ದ ಕುಸಿತ ಆಗಲು ನಾಲ್ಕು ವರ್ಷ ಹಿಡಿಯಬಹುದು ಎಂದರ್ಥ. ಕಳೆದುಹೋದ ಶಕ್ತಿ ಮರಳಿ ಬಂತು ಎಂದು ಯಾರೂ ಹೇಳಿಲ್ಲ. ಆದರೂ ಇಲ್ಲಿಯವರೆಗೆ ಏನೂ ಕೈಗೆ ಸಿಗದಿದ್ದ ಕಾಯಿಲೆಯಲ್ಲಿ ಇದು ದೊಡ್ಡ ಮಾತೇ.

ಹಾಗಾದರೆ ಎಫ್‌ಡಿಎ ತಕರಾರು ಏನು? ಈ 12 ಜನರನ್ನು ಹೋಲಿಸಿದ್ದು ಅದೇ ಪ್ರಯೋಗದಲ್ಲಿ ಚಿಕಿತ್ಸೆ ಪಡೆಯದೆ ಇದ್ದವರ ಜೊತೆ ಅಲ್ಲ. ಬೇರೆ ಕಡೆ ಸಂಗ್ರಹವಾಗಿದ್ದ ರೋಗಿಗಳ ದಾಖಲೆಯ ಜೊತೆ. ತಲೆಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲು ಮುಂದೆ ಬರುವವರು ಸ್ವಲ್ಪ ಗಟ್ಟಿಯಾಗಿರುವವರೇ ಇರಬಹುದು. ಅವರಿಗೆ ಆರೈಕೆಯೂ ಜಾಸ್ತಿ ಸಿಗುತ್ತದೆ. ಆ ವ್ಯತ್ಯಾಸ ಮದ್ದಿನದೋ ಆರೈಕೆಯದೋ ಎಂದು ಬೇರ್ಪಡಿಸುವುದು ಕಷ್ಟ. ರೋಗಿಗಳ ಪರ ಇರುವವರು ಹೇಳುವುದೂ ಸರಿಯೇ. ಈ ಕಾಯಿಲೆ ಯಾರಿಗೂ ಕಾಯುವುದಿಲ್ಲ, ಇನ್ನೊಂದು ದೊಡ್ಡ ಪ್ರಯೋಗ ಮುಗಿಯುವಷ್ಟರಲ್ಲಿ ಈಗಿನ ರೋಗಿಗಳಿಗೆ ಕಾಲ ಮೀರಿರುತ್ತದೆ ಎಂಬುದು ಅವರ ವಾದ. ಆದರೆ 2021ರ ಮಾರ್ಚ್‌ನಲ್ಲಿ ರೋಷ್ ಕಂಪನಿಯ ಟೊಮಿನರ್ಸನ್ ಎಂಬ ಇಂಥದ್ದೇ ಉದ್ದೇಶದ ಔಷಧ ದೊಡ್ಡ ಪ್ರಯೋಗದ ನಡುವೆಯೇ ನಿಂತುಹೋಗಿತ್ತು. ಆರಂಭದಲ್ಲಿ ಅದರ ಮೇಲೂ ಇಷ್ಟೇ ಆಸೆ ಇತ್ತು. ನಿಯಂತ್ರಕರ ಎಚ್ಚರಿಕೆಯನ್ನು ಕಲ್ಲುಹೃದಯ ಎಂದು ತಳ್ಳಿಹಾಕಲು ಆಗುವುದಿಲ್ಲ.

ಜೀನಿನಲ್ಲಿ ಆಗುವುದೇನು?

ಹಂಟಿಂಗ್ಟನ್ ಜೀನ್ ಇರುವುದು 4ನೇ ವರ್ಣತಂತುವಿನಲ್ಲಿ. 1983ರಲ್ಲಿ ಅದರ ಜಾಗ ಗೊತ್ತಾಯಿತು, 1993ರಲ್ಲಿ ಜೀನ್ ಸಿಕ್ಕಿತು. ಅದರಲ್ಲಿ ಸಿ, ಎ, ಜಿ ಎಂಬ ಮೂರು ಅಕ್ಷರಗಳು ಸಾಲಾಗಿ ಮರುಕಳಿಸುತ್ತವೆ. ಭಜನೆಯಲ್ಲಿ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುವ ಹಾಗೆ. ಎಲ್ಲರಲ್ಲೂ ಈ ಸಾಲು ಇದೆ. 26 ಸಲದವರೆಗೆ ಇದ್ದರೆ ತೊಂದರೆ ಇಲ್ಲ. 40 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಸಾಮಾನ್ಯ ಆಯುಷ್ಯ ಬದುಕಿದವರಿಗೆ ಕಾಯಿಲೆ ಬಂದೇ ಬರುತ್ತದೆ. 36ರಿಂದ 39ರ ನಡುವೆ ಇದ್ದರೆ ಬರಲೂಬಹುದು, ಬರದೆಯೂ ಇರಬಹುದು. 27ರಿಂದ 35 ಇದ್ದವರಿಗೆ ಸಾಮಾನ್ಯವಾಗಿ ಕಾಯಿಲೆ ಬರುವುದಿಲ್ಲ. ಆದರೆ ಮಕ್ಕಳಿಗೆ ದಾಟುವಾಗ ಸಂಖ್ಯೆ ಏರುವ ಸಾಧ್ಯತೆ ಇದೆ.

ಹಾಗೆ ಏರುವುದು ಹೆಚ್ಚಾಗಿ ತಂದೆಯ ಕಡೆಯಿಂದ ಬಂದಾಗ. ಅದಕ್ಕೇ ಅಜ್ಜನಿಗೆ 60ರಲ್ಲಿ ಶುರುವಾದದ್ದು ಮಗನಿಗೆ 45ರಲ್ಲಿ, ಮೊಮ್ಮಗನಿಗೆ 30ರಲ್ಲಿ ಬರಬಹುದು. ಊರಿನಲ್ಲಿ ಇದನ್ನು ನೋಡಿದವರು ಕುಟುಂಬದ ದೋಷ ಬಲವಾಗುತ್ತಿದೆ ಎಂದುಕೊಂಡರೆ ಆಶ್ಚರ್ಯ ಇಲ್ಲ. ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸುತ್ತಾರೆ, ನಾಗನಿಗೆ ಸೇವೆ ಕೊಡಿಸುತ್ತಾರೆ. ಅವರು ಕಂಡದ್ದು ತಪ್ಪಲ್ಲ. ತಲೆಮಾರಿನಿಂದ ತಲೆಮಾರಿಗೆ ಕಾಯಿಲೆ ಬೇಗ ಬರುತ್ತಿರುವುದು ನಿಜವೇ. ಕಾರಣ ಮಾತ್ರ ಈ ಅಕ್ಷರಗಳ ಸಾಲಿನಲ್ಲಿದೆ.

ಇನ್ನೂ ಒಂದು ವಿಷಯ ಈಚೆಗೆ ಸ್ಪಷ್ಟವಾಗಿದೆ. ಈ ಸಾಲು ಹುಟ್ಟುವಾಗ ಇದ್ದಷ್ಟೇ ಉಳಿಯುವುದಿಲ್ಲ. ಮೆದುಳಿನ ಕೆಲವು ಜೀವಕೋಶಗಳ ಒಳಗೆ ಅದು ವರ್ಷಗಟ್ಟಲೆ ಉದ್ದವಾಗುತ್ತಾ ಹೋಗುತ್ತದೆ. 2025ರ ಜನವರಿಯಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ, ಸಂಖ್ಯೆ ಸುಮಾರು 150 ದಾಟಿದ ಮೇಲೆಯೇ ಆ ಜೀವಕೋಶ ಕೆಡುತ್ತದೆ. ಹುಟ್ಟಿನಿಂದಲೇ ತಪ್ಪು ಇದ್ದರೂ ಕಾಯಿಲೆ ನಡುವಯಸ್ಸಿನವರೆಗೆ ಯಾಕೆ ತಡೆದುಕೊಳ್ಳುತ್ತದೆ ಎಂಬ ಹಳೆಯ ಪ್ರಶ್ನೆಗೆ ಇದು ಉತ್ತರ ಕೊಡುತ್ತದೆ. ಸಾಲು ಉದ್ದವಾಗುವುದನ್ನೇ ತಡೆದರೆ ಹೇಗೆ ಎಂಬ ಹೊಸ ದಾರಿಯನ್ನೂ ತೆರೆಯುತ್ತದೆ.

ಒಂದೇ ಮನೆಯಲ್ಲಿ ಬಂದರೂ ದಾರಿ ಬೇರೆ

ಹಂಟಿಂಗ್ಟನ್‌ನಲ್ಲಿ ತಂದೆಗೋ ತಾಯಿಗೋ ಕಾಯಿಲೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಗಂಡು, ಹೆಣ್ಣು ಎಂಬ ಭೇದ ಇಲ್ಲ. ನಡೆಯುವಾಗ ತೂರಾಡುವ, ಮಾತು ತೊದಲುವ ಎಸ್‌ಸಿಎ ಗುಂಪಿನ ಕಾಯಿಲೆಗಳೂ ಹೀಗೆಯೇ ಇಳಿದು ಬರುತ್ತವೆ.

ಎರಡನೆಯ ದಾರಿಯಲ್ಲಿ ತಂದೆ ತಾಯಿ ಇಬ್ಬರೂ ಆರೋಗ್ಯವಾಗಿಯೇ ಇರುತ್ತಾರೆ. ಇಬ್ಬರಲ್ಲೂ ಅದೇ ಜೀನಿನ ಒಂದೊಂದು ಕೆಟ್ಟ ಪ್ರತಿ ಅಡಗಿರುತ್ತದೆ. ಎರಡೂ ಒಂದೇ ಮಗುವಿಗೆ ಬಂದಾಗ ಮಾತ್ರ ಕಾಯಿಲೆ. ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. "ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ, ಹಾಗಾಗಿ ಇದು ವಂಶದ್ದಲ್ಲ" ಎನ್ನುವ ಮಾತು ಇಲ್ಲಿ ಕೈಕೊಡುತ್ತದೆ. ಸೋದರತ್ತೆಯ, ಸೋದರಮಾವನ ಮಕ್ಕಳ ನಡುವೆ ಮದುವೆಯಾದರೆ ಈ ಸಾಧ್ಯತೆ ಏರುತ್ತದೆ, ಯಾಕೆಂದರೆ ಅವರ ಜೀನ್‌ಗಳಲ್ಲಿ ಸರಾಸರಿ ಎಂಟರಲ್ಲಿ ಒಂದು ಪಾಲು ಒಂದೇ ಮೂಲದ್ದು.

ಸಂಬಂಧದೊಳಗೆ ಮದುವೆಯಾಗದಿದ್ದರೂ ಪೂರ್ತಿ ನಿಶ್ಚಿಂತೆ ಇಲ್ಲ. 2017ರಲ್ಲಿ ನೇಚರ್ ಜೆನೆಟಿಕ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ದಕ್ಷಿಣ ಏಷ್ಯಾದ 263 ಜನಗುಂಪುಗಳನ್ನು ನೋಡಿತು. ಅವುಗಳಲ್ಲಿ 81 ಗುಂಪುಗಳು ಬಹಳ ಕಡಿಮೆ ಪೂರ್ವಜರಿಂದ ಬೆಳೆದಿವೆ, ತಲೆತಲಾಂತರದಿಂದ ತಮ್ಮೊಳಗೇ ಮದುವೆಯಾಗುತ್ತಾ ಬಂದಿವೆ. ಇಂಥ ಜಾತಿಯೊಳಗೆ ಎಷ್ಟೇ ದೂರದ ಸಂಬಂಧ ಹುಡುಕಿದರೂ ಅಡಗಿದ ಅದೇ ತಪ್ಪು ಎರಡೂ ಕಡೆ ಇರಬಹುದು. ನಮ್ಮ ಕರಾವಳಿಯ ಸಣ್ಣ ಸಣ್ಣ ಸಮುದಾಯಗಳು ಈ ಮಾತನ್ನು ಗಮನಿಸಬೇಕು.

ಪಾರ್ಕಿನ್ಸನ್ ಬೇರೆಯೇ ಕಥೆ. ಅದರಲ್ಲಿ ಹೆಚ್ಚಿನ ಪಾಲು ಒಂದೇ ಜೀನಿನಿಂದ ಬರುವುದಲ್ಲ. ವಯಸ್ಸು, ಹಲವು ಜೀನ್‌ಗಳ ಸಣ್ಣ ಸಣ್ಣ ಪ್ರಭಾವ, ಪರಿಸರ ಎಲ್ಲ ಸೇರಿರುತ್ತದೆ. 70 ವರ್ಷದ ಅಪ್ಪನಿಗೆ ಪಾರ್ಕಿನ್ಸನ್ ಬಂತು ಎಂದು ಮಕ್ಕಳೆಲ್ಲ ಸುಮ್ನೆ ಹೆದರಿ ಜೀನ್ ಪರೀಕ್ಷೆಗೆ ಓಡಬೇಕಾಗಿಲ್ಲ. 40 ದಾಟುವ ಮೊದಲೇ ಶುರುವಾದರೆ ಅಥವಾ ಮನೆಯಲ್ಲಿ ಹಲವರಿಗೆ ಬಂದಿದ್ದರೆ ಆಗ ವಿಚಾರ ಬೇರೆ.

ಮದ್ದಿರುವ ಕಾಯಿಲೆ, ಸಿಗದ ಹೆಸರು

ಈಗ ಮುಖ್ಯ ವಿಷಯಕ್ಕೆ ಬರೋಣ. ವಂಶದ ಕಾಯಿಲೆ ಅಂದರೆ ಮದ್ದಿಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ಅದು ಸರಿಯಲ್ಲ. ಕನಿಷ್ಠ ಎರಡು ಹೆಸರುಗಳನ್ನು ನಮ್ಮ ಊರಿನ ಪ್ರತಿ ಆಶಾ ಕಾರ್ಯಕರ್ತೆ, ಪ್ರತಿ ಶಾಲೆಯ ಮೇಷ್ಟ್ರು ಟೀಚರ್‌ಗಳು ಕೇಳಿರಬೇಕು.

ಮೊದಲನೆಯದು ವಿಲ್ಸನ್ ಕಾಯಿಲೆ. ನಾವು ತಿನ್ನುವ ಆಹಾರದಲ್ಲಿ ತಾಮ್ರ ಇರುತ್ತದೆ. ಬೇಡವಾದ ತಾಮ್ರವನ್ನು ಪಿತ್ತಜನಕಾಂಗ ಹೊರಗೆ ಹಾಕುತ್ತದೆ. ಆ ಕೆಲಸ ಮಾಡುವ ಎಟಿಪಿ7ಬಿ ಎಂಬ ಜೀನ್ ಕೆಟ್ಟಿದ್ದರೆ ತಾಮ್ರ ಮೊದಲು ಪಿತ್ತಜನಕಾಂಗದಲ್ಲಿ, ಆಮೇಲೆ ಮೆದುಳಿನಲ್ಲಿ ಸೇರಿಕೊಳ್ಳುತ್ತದೆ. ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಶಾಲೆ, ಕಾಲೇಜಿನ ವಯಸ್ಸಿನಲ್ಲಿ. ಚೆನ್ನಾಗಿ ಬರೆಯುತ್ತಿದ್ದ ಹುಡುಗನ ಅಕ್ಷರ ಕೆಡುತ್ತದೆ. ಮಾತು ತೊದಲುತ್ತದೆ. ಜೊಲ್ಲು ಸುರಿಯುತ್ತದೆ. ಕೈ ನಡುಗುತ್ತದೆ. ಅಂಕ ಕಡಿಮೆಯಾಗುತ್ತದೆ, ಸಿಟ್ಟು ಹೆಚ್ಚಾಗುತ್ತದೆ. ಹುಡುಗ ದಾರಿ ತಪ್ಪಿದ ಎಂದು ಬೈಯುತ್ತಾರೆ. ಕೆಲವರಿಗೆ ಇದಕ್ಕಿಂತ ಮೊದಲೇ ಕಾಮಾಲೆ ಬಂದು ಹೋಗಿರುತ್ತದೆ. ಹಳ್ಳಿ ಮದ್ದು ಕೊಟ್ಟು ಮರೆತಿರುತ್ತಾರೆ.

ಇದನ್ನು ಪತ್ತೆ ಮಾಡಲು ಶುರುವಿಗೆ ಜೀನ್ ಪರೀಕ್ಷೆಯೂ ಬೇಕಾಗಿಲ್ಲ. ರಕ್ತದಲ್ಲಿ ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನಿನ ಮಟ್ಟ, 24 ಗಂಟೆಯ ಮೂತ್ರದಲ್ಲಿ ತಾಮ್ರ, ಕಣ್ಣಿನ ಡಾಕ್ಟರ್ ಸ್ಲಿಟ್ ಲ್ಯಾಂಪ್‌ನಲ್ಲಿ ನೋಡುವ ಕಂದು ಉಂಗುರ, ಇಷ್ಟರಿಂದ ಬಹುಪಾಲು ಗೊತ್ತಾಗುತ್ತದೆ. ಮದ್ದೂ ಇದೆ. ಪೆನಿಸಿಲಮೈನ್ 1956ರಿಂದ ಬಳಕೆಯಲ್ಲಿದೆ, ಸತುವಿನ ಮಾತ್ರೆಯೂ ಇದೆ. ಆಯುಷ್ಯ ಪೂರ್ತಿ ತೆಗೆದುಕೊಳ್ಳಬೇಕು. ಹುಷಾರಾದೆ ಎಂದು ನಡುವೆ ಬಿಟ್ಟರೆ ಪ್ರಾಣಕ್ಕೇ ಕುತ್ತು. ಶುರುವಿನಲ್ಲಿ ಕೆಲವರಿಗೆ ನಡುಕ ಜಾಸ್ತಿಯಾಗುವುದುಂಟು, ಹಾಗಾಗಿ ತಜ್ಞರ ಕಣ್ಣಿನಡಿಯಲ್ಲೇ ನಡೆಯಬೇಕು. ಬೇಗ ಶುರು ಮಾಡಿದವರು ಓದಿ, ಕೆಲಸ ಹಿಡಿದು, ಎಲ್ಲರಂತೆ ಬದುಕುತ್ತಾರೆ. ತಡವಾದರೆ ಮೆದುಳಿಗೆ ಆದ ಹಾನಿ ಪೂರ್ತಿ ಮರಳುವುದಿಲ್ಲ. ಇನ್ನೊಂದು ಮಾತು: ಒಂದು ಮಗುವಿಗೆ ವಿಲ್ಸನ್ ಎಂದು ಗೊತ್ತಾದ ದಿನವೇ ಅಣ್ಣ ತಮ್ಮ ಅಕ್ಕ ತಂಗಿಯರನ್ನೂ ಪರೀಕ್ಷಿಸಬೇಕು. ಅವರಲ್ಲಿ ನಾಲ್ಕರಲ್ಲಿ ಒಬ್ಬರಿಗೆ ಇರುವ ಸಾಧ್ಯತೆ ಇದೆ. ಲಕ್ಷಣ ಕಾಣುವ ಮೊದಲೇ ಮದ್ದು ಶುರುವಾದರೆ ಕಾಯಿಲೆ ತಲೆ ಎತ್ತುವುದೇ ಇಲ್ಲ.

ಎರಡನೆಯದು ಡೋಪಾಕ್ಕೆ ಸ್ಪಂದಿಸುವ ಡಿಸ್ಟೋನಿಯ. ಡಿಸ್ಟೋನಿಯ ಎಂದರೆ ಸ್ನಾಯುಗಳು ತಾವಾಗಿಯೇ ಬಿಗಿದು ಕೈಕಾಲು ತಿರುಚಿಕೊಳ್ಳುವುದು. ಜಪಾನಿನ ಸೆಗಾವಾ ಎಂಬ ವೈದ್ಯರು ವಿವರಿಸಿದ ಕಾಯಿಲೆ, ಅದಕ್ಕೆ ಅವರದ್ದೇ ಹೆಸರೂ ಇದೆ. ನಡೆಯಲು ಕಲಿತ ಮಗುವಿನ ಪಾದ ಐದಾರು ವರ್ಷದ ಹೊತ್ತಿಗೆ ಒಳಕ್ಕೆ ತಿರುಚಿಕೊಳ್ಳುತ್ತದೆ. ಬೆಳಿಗ್ಗೆ ಎದ್ದಾಗ ಪರವಾಗಿಲ್ಲ, ಸಂಜೆಯ ಹೊತ್ತಿಗೆ ಹೆಜ್ಜೆ ಇಡಲೂ ಕಷ್ಟ. ನೋಡಲು ಸೆರೆಬ್ರಲ್ ಪಾಲ್ಸಿಯ (ಎಳವೆಯಲ್ಲೇ ಮೆದುಳಿಗೆ ಹಾನಿಯಾಗಿ ಕೈಕಾಲಿನ ಹಿಡಿತ ತಪ್ಪುವ ಸ್ಥಿತಿ) ಹಾಗೆಯೇ ಇರುವುದರಿಂದ ಆ ಹೆಸರೇ ಫೈಲಿನಲ್ಲಿ ಸೇರಿಬಿಡುತ್ತದೆ. ಚಲನೆಯನ್ನು ಹದದಲ್ಲಿಡುವ ಡೋಪಮೈನ್ ಎಂಬ ರಾಸಾಯನಿಕವನ್ನು ಮೆದುಳು ತಯಾರಿಸಲು ಬೇಕಾದ ಒಂದು ಸಹಾಯಕ ವಸ್ತು ಸಾಕಷ್ಟು ಆಗದಿರುವುದು ಇದಕ್ಕೆ ಕಾರಣ. ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪ ಮಾತ್ರೆಯನ್ನು ಸಣ್ಣ ಡೋಸ್‌ನಲ್ಲಿ ಕೊಟ್ಟರೆ ಮಗು ಕೆಲವೇ ದಿನಗಳಲ್ಲಿ, ವಾರಗಳಲ್ಲಿ ನಡೆಯತೊಡಗಬಹುದು. ಹಳೆಯ, ಅಗ್ಗದ ಮಾತ್ರೆ ಅದು. ಕಾರಣ ತಿಳಿಯದ ಡಿಸ್ಟೋನಿಯ ಇರುವ ಮಗುವಿಗೆ ಒಮ್ಮೆ ಲೆವೊಡೋಪ ಕೊಟ್ಟು ನೋಡಬೇಕು ಎಂದು ನರರೋಗ ತಜ್ಞರು ಹೇಳುವುದು ಇದಕ್ಕಾಗಿಯೇ.

ಈ ಎರಡೂ ಅಪರೂಪದ ಕಾಯಿಲೆಗಳು. ಸೆರೆಬ್ರಲ್ ಪಾಲ್ಸಿ ಎಂದು ಬರೆದ ಫೈಲುಗಳಲ್ಲಿ ಬಹುಪಾಲು ನಿಜವಾಗಿ ಸೆರೆಬ್ರಲ್ ಪಾಲ್ಸಿಯೇ. ಆದರೆ ನೂರರಲ್ಲಿ ಒಂದು ಮಗು ಹಾಗಲ್ಲದೆ ಇದ್ದರೂ, ಆ ಮಗುವಿನ ಇಡೀ ಬದುಕು ಆ ಒಂದು ಪರೀಕ್ಷೆಯ ಮೇಲೆ ನಿಂತಿದೆ.

ವಿಷವೋ, ವಂಶವೋ?

ಕಾಸರಗೋಡಿನಲ್ಲಿ ಈ ಪ್ರಶ್ನೆ ಕೇಳುವುದು ಸುಲಭ ಅಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿಯಿತು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಮುಳಿಯಾರು ಮುಂತಾದ ಕಡೆ ಅದರ ಗಾಯ ಇನ್ನೂ ಆರಿಲ್ಲ. ಪಡ್ರೆಯ ಶಾಲಾ ಮಕ್ಕಳ ಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಅಧ್ಯಯನ ಮಾಡಿ, ಹುಡುಗರಲ್ಲಿ ಪ್ರೌಢಾವಸ್ಥೆ ತಡವಾಗುತ್ತಿರುವುದನ್ನು ತೋರಿಸಿತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಈ ಕೀಟನಾಶಕವನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರ್ಕಾರಕ್ಕೆ ಹೇಳಿತು. ಹಣಕ್ಕಾಗಿ ಜನ ಮತ್ತೆ ಮತ್ತೆ ಬೀದಿಗೆ ಇಳಿಯಬೇಕಾಯಿತು.

ಹಾಗಾಗಿ ಇಲ್ಲಿ ಎರಡು ನಿಲುವುಗಳು ಎದುರುಬದುರು ನಿಲ್ಲುತ್ತವೆ. ಮಕ್ಕಳ ಜೀನ್ ಪರೀಕ್ಷೆ ಎಂದರೆ ಸಂತ್ರಸ್ತರ ಪಟ್ಟಿಯಿಂದ ಹೆಸರು ಕಿತ್ತುಹಾಕಲು ಹೂಡಿದ ಉಪಾಯ ಎಂದು ಕೆಲವರಿಗೆ ಅನುಮಾನ. ಅವರು ಪಟ್ಟ ಪಾಡು ನೋಡಿದರೆ ಆ ಅನುಮಾನ ಸಹಜ. ಎಲ್ಲ ಅಂಗವೈಕಲ್ಯವನ್ನೂ ವಿಷದ ಲೆಕ್ಕಕ್ಕೆ ಹಾಕುತ್ತಾರೆ ಎಂಬುದು ಇನ್ನೊಂದು ಕಡೆಯವರ ದೂರು.

ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಒಂದಕ್ಕೊಂದು ಸಿಕ್ಕಿಕೊಂಡಿವೆ. ಒಂದು, ಈ ಊರಿನ ಮೇಲೆ ವಿಷ ಸುರಿದದ್ದಕ್ಕೆ ಯಾರು ಹೊಣೆ ಎಂಬುದು. ಇನ್ನೊಂದು, ಈ ಮಗುವಿಗೆ ಇವತ್ತು ಯಾವ ಮದ್ದು ಬೇಕು ಎಂಬುದು. ಎಂಡೋಸಲ್ಫಾನ್ ನರಮಂಡಲಕ್ಕೆ ವಿಷ, ಫಿಟ್ಸ್ ತರುತ್ತದೆ ಎಂಬುದರಲ್ಲಿ ಅನುಮಾನ ಇಲ್ಲ. ಆದರೆ ವಿಷ ಬಿದ್ದ ಊರಿನಲ್ಲೂ ವಿಲ್ಸನ್ ಕಾಯಿಲೆಯ ಮಗು ಹುಟ್ಟಬಹುದು. ಆ ಮಗುವಿನ ಫೈಲಿನ ಮೇಲೆ ಎಂಡೋಸಲ್ಫಾನ್ ಎಂದು ಬರೆದು ಮುಚ್ಚಿದರೆ, ಅದಕ್ಕೆ ಸಿಗಬೇಕಾದ ಮದ್ದು ತಪ್ಪುತ್ತದೆ. ಹಾಗೆಯೇ ಒಂದು ಮನೆಯ ಜೀನ್ ರಿಪೋರ್ಟ್ ತೋರಿಸಿ ಇಡೀ ಊರಿನ ಹಕ್ಕನ್ನು ಅಲ್ಲಗಳೆಯುವುದೂ ಅನ್ಯಾಯ. ನನ್ನ ಅಭಿಪ್ರಾಯ ಇಷ್ಟು: ಪರಿಹಾರವನ್ನು ಜೀನ್ ಪರೀಕ್ಷೆಗೆ ಕಟ್ಟಿಹಾಕಲೇಬಾರದು. ಅದನ್ನು ಸರ್ಕಾರ ಬರೆದು ಕೊಟ್ಟರೆ ಮಾತ್ರ ತಾಯಂದಿರು ಹೆದರದೆ ಮಕ್ಕಳನ್ನು ಪರೀಕ್ಷೆಗೆ ಕರೆತರುತ್ತಾರೆ.

ರಿಪೋರ್ಟ್ ನಾರ್ಮಲ್ ಅಂದರೆ?

ಎಕ್ಸೋಮ್ ಪರೀಕ್ಷೆ ಈಗ ಮಂಗಳೂರಿನಲ್ಲಿ ರಕ್ತ ಕೊಟ್ಟರೂ ಆಗುತ್ತದೆ. ಸಾವಿರಾರು ಜೀನ್‌ಗಳನ್ನು ಒಟ್ಟಿಗೆ ಓದುವ ಪರೀಕ್ಷೆ ಇದು, ವಿಲ್ಸನ್‌ನಂಥ ಕಾಯಿಲೆಗೆ ಒಳ್ಳೆಯದೇ. ಆದರೆ ಹಂಟಿಂಗ್ಟನ್, ಎಸ್‌ಸಿಎಯ ಮುಖ್ಯ ಬಗೆಗಳು, ಫ್ರೀಡ್ರೈಕ್ ಅಟಾಕ್ಸಿಯ ಇವೆಲ್ಲ ಅಕ್ಷರಗಳ ಸಾಲು ಉದ್ದವಾಗಿ ಬರುವ ಕಾಯಿಲೆಗಳು. ಮಾಮೂಲಿ ಎಕ್ಸೋಮ್ ಪರೀಕ್ಷೆ ಆ ಉದ್ದವನ್ನು ಸರಿಯಾಗಿ ಅಳೆಯುವುದಿಲ್ಲ. ಅದಕ್ಕೆ ಬೇರೆಯೇ ಪರೀಕ್ಷೆ ಇದೆ, ಹೆಸರು ಹೇಳಿ ಕೇಳಬೇಕು. ದುಡ್ಡು ಕೊಟ್ಟು ಎಕ್ಸೋಮ್ ಮಾಡಿಸಿ, ನಾರ್ಮಲ್ ಎಂದು ಬಂದು, ನಮ್ಮದು ವಂಶದ್ದಲ್ಲ ಎಂದು ಮಗಳ ಮದುವೆ ಗೊತ್ತು ಮಾಡಿದ ಮೇಲೆ ನಿಜ ತಿಳಿದರೆ ಆ ಮನೆಯ ಗತಿ ಏನು? ಯಾವ ಪರೀಕ್ಷೆ ಎಂಬುದನ್ನು ಲ್ಯಾಬ್ ಅಲ್ಲ, ನರರೋಗ ತಜ್ಞರು ನಿರ್ಧರಿಸಬೇಕು.

ಕಾಯಿಲೆ ಇನ್ನೂ ಬಾರದವರ ಪರೀಕ್ಷೆ ಇನ್ನೂ ಸೂಕ್ಷ್ಮ. ಹಂಟಿಂಗ್ಟನ್‌ಗೆ ಸದ್ಯ ತಡೆಯುವ ಮದ್ದು ಇಲ್ಲ. ತಿಳಿದುಕೊಂಡು ಮುಂದಿನ ಬದುಕನ್ನು ಯೋಜಿಸುತ್ತೇನೆ ಎನ್ನುವವರಿದ್ದಾರೆ, ತಿಳಿಯುವುದೇ ಬೇಡ ಎನ್ನುವವರೂ ಇದ್ದಾರೆ. ಎರಡೂ ಅವರವರ ಹಕ್ಕು. ಅದಕ್ಕೇ ಮೊದಲು ಆಪ್ತ ಸಮಾಲೋಚನೆ, ಆಮೇಲೆ ರಕ್ತ. ಲಕ್ಷಣ ಇಲ್ಲದ 18 ವರ್ಷದೊಳಗಿನ ಮಕ್ಕಳಿಗೆ ಈ ಪರೀಕ್ಷೆ ಮಾಡುವುದಿಲ್ಲ, ಅಪ್ಪ ಅಮ್ಮ ಕೇಳಿದರೂ. ವಿಲ್ಸನ್‌ಗೆ ಈ ನಿಯಮ ಉಲ್ಟಾ, ಅಲ್ವಾ? ಅಲ್ಲಿ ಮಕ್ಕಳನ್ನೇ ಬೇಗ ಪರೀಕ್ಷಿಸಬೇಕು, ಯಾಕೆಂದರೆ ಮದ್ದಿದೆ.

ಇನ್ಶೂರೆನ್ಸ್ ಬಗ್ಗೆ ಒಂದು ಮಾತು. ಜೀನ್ ಕಾಯಿಲೆ ಎಂಬ ಒಂದೇ ಕಾರಣಕ್ಕೆ ಆರೋಗ್ಯ ವಿಮೆ ನಿರಾಕರಿಸುವುದು ತಾರತಮ್ಯ ಎಂದು ದೆಹಲಿ ಹೈಕೋರ್ಟ್ 2018ರಲ್ಲಿ ಹೇಳಿದೆ. ಆದರೂ ಜೀನ್ ಮಾಹಿತಿ ಆಧಾರದ ತಾರತಮ್ಯಕ್ಕೆಂದೇ ನಮ್ಮಲ್ಲಿ ಪ್ರತ್ಯೇಕ ಕಾನೂನು ಬಂದಿಲ್ಲ. ರಿಪೋರ್ಟನ್ನು ಕುಟುಂಬದ ಗ್ರೂಪಿನಲ್ಲಿ ಹಾಕುವ ಮೊದಲು ಇದನ್ನು ನೆನಪಿಡುವುದು ಒಳ್ಳೆಯದು.

ಹಣ ಮತ್ತು ದೂರ

ಎಎಂಟಿ-130ಗೆ ಅನುಮತಿ ಸಿಕ್ಕಿದರೂ ಅದು ಮೊದಲು ತಲುಪುವುದು ಶ್ರೀಮಂತ ದೇಶಗಳನ್ನು. ಕೇಂದ್ರದ ಅಪರೂಪದ ಕಾಯಿಲೆಗಳ ನೀತಿಯಡಿ ಒಬ್ಬ ರೋಗಿಗೆ 50 ಲಕ್ಷ ರೂಪಾಯಿಯವರೆಗೆ ನೆರವು ಇದೆ, ಅದೂ ಪಟ್ಟಿಯಲ್ಲಿರುವ ಕಾಯಿಲೆಗಳಿಗೆ, ಗುರುತಿಸಿದ ಕೇಂದ್ರಗಳ ಮೂಲಕ ಮಾತ್ರ. ಜೀನ್ ಚಿಕಿತ್ಸೆಗಳ ಬೆಲೆ ಕೋಟಿಗಳಲ್ಲಿ ಇರುತ್ತದೆ. ಬೆಲೆ ಇಳಿಯುವುದೇ ಇಲ್ಲ ಎಂದಲ್ಲ. ಎಸ್‌ಎಂಎ ಎಂಬ ಸ್ನಾಯು ಸೋಲುವ ವಂಶದ ಕಾಯಿಲೆಗೆ ಕೊಡುವ ರಿಸ್ಡಿಪ್ಲಾಮ್ ಬಾಟಲಿಗೆ ಸುಮಾರು 6 ಲಕ್ಷ ರೂಪಾಯಿ ಇತ್ತು. 2025ರ ಅಕ್ಟೋಬರ್‌ನಲ್ಲಿ ಕೋರ್ಟ್ ತೀರ್ಪಿನ ನಂತರ ಭಾರತದ ನ್ಯಾಟ್ಕೋ ಕಂಪನಿ ಅದನ್ನು 15,900 ರೂಪಾಯಿಗೆ ತಂದಿತು. ಆದರೆ ಅದು ಕುಡಿಯುವ ಔಷಧ. ಮೆದುಳಿನೊಳಗೆ ಬಿಡುವ ವೈರಸ್‌ಗೆ ಅಗ್ಗದ ನಕಲು ತಯಾರಿಸುವುದು ಅಷ್ಟು ಬೇಗ ಆಗುವ ಕೆಲಸ ಅಲ್ಲ.

ದೂರವೂ ನಮ್ಮ ಸಮಸ್ಯೆಯೇ. ಕಾಸರಗೋಡಿನ ಉತ್ತರದ ಹಳ್ಳಿಗಳಿಗೆ ಮಂಗಳೂರು ಹತ್ತಿರ. ಅಪರೂಪದ ಕಾಯಿಲೆಗಳಿಗೆ ಕೇರಳದ ಕೇಂದ್ರ ಇರುವುದು ರಾಜ್ಯದ ಇನ್ನೊಂದು ತುದಿಯ ತಿರುವನಂತಪುರದಲ್ಲಿ. 2020ರ ಲಾಕ್‌ಡೌನಿನಲ್ಲಿ ತಲಪಾಡಿ ಗಡಿ ಮುಚ್ಚಿ, ಮಂಗಳೂರಿಗೆ ಹೋಗಲಾಗದೆ ರೋಗಿಗಳು ಸತ್ತದ್ದನ್ನು ಯಾರೂ ಮರೆತಿಲ್ಲ. ವರ್ಷಗಟ್ಟಲೆ ನಡೆಯುವ ಕಾಯಿಲೆಗೆ ಎರಡು ರಾಜ್ಯಗಳ ಕಾರ್ಡು, ಎರಡು ಭಾಷೆಯ ಫಾರ್ಮು, ಬೇರೆ ಬೇರೆ ಆಸ್ಪತ್ರೆಯ ಫೈಲು ಸೇರಿದರೆ ಎಲ್ಲೋ ಒಂದು ಕಡೆ ಕೊಂಡಿ ತಪ್ಪುತ್ತದೆ. ಮಂಗಳೂರಿನ ರಿಪೋರ್ಟನ್ನೇ ಒಪ್ಪಿಕೊಂಡು ತಿರುವನಂತಪುರದಲ್ಲಿ ನೆರವು ಮಂಜೂರಾಗುವ ವ್ಯವಸ್ಥೆ ಆದರೆ ಇಲ್ಲಿನ ಕನ್ನಡ ಮನೆಗಳಿಗೆ ಅರ್ಧ ಹೊರೆ ಇಳಿಯುತ್ತದೆ.

ಅದು ಆಗುವವರೆಗೆ ಮನೆಯವರೇ ಮಾಡಬಹುದಾದ ಒಂದು ಕೆಲಸ ಇದೆ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಗೋ ತಿರುವನಂತಪುರದ ಶ್ರೀಚಿತ್ರಾ ಆಸ್ಪತ್ರೆಗೋ ಹೋದರೆ ಡಾಕ್ಟರ್ ಮೊದಲು ಕೇಳುವುದು ವಂಶವೃಕ್ಷ. ಯಾರಿಗೆ ನಡುಕ ಇತ್ತು, ಯಾವ ವಯಸ್ಸಿಗೆ ಶುರುವಾಯಿತು, ತಾಯಿ ಕಡೆಯೋ ತಂದೆ ಕಡೆಯೋ, ಯಾರು ಯಾರನ್ನು ಮದುವೆಯಾದರು. ಹೆಚ್ಚಿನವರಿಗೆ ಅಜ್ಜನ ಹೆಸರಿಗಿಂತ ಮೇಲೆ ಗೊತ್ತಿರುವುದಿಲ್ಲ. ಆದರೆ ಕುಟುಂಬದ ಮೂಲ ಮನೆಯಾದ ತರವಾಡು ಮನೆಯಲ್ಲಿ ದೈವದ ಕೋಲಕ್ಕೋ ತಂಬಿಲಕ್ಕೋ ಎಲ್ಲರೂ ಸೇರುವ ದಿನ, ನಾಲ್ಕು ತಲೆಮಾರಿನ ಹೆಸರು ಹೇಳಬಲ್ಲ ಹಿರಿಯರು ಅಲ್ಲಿ ಇರುತ್ತಾರೆ. ಮುಚ್ಚಿಟ್ಟ ಕಾಯಿಲೆಗಳೂ ಅವರಿಗೆ ಗೊತ್ತು. ಒಂದು ಕಾಗದದಲ್ಲಿ ಅದನ್ನು ಬರೆದುಕೊಂಡು, ಹಳೆಯ ರಿಪೋರ್ಟುಗಳ ಜೊತೆ ಒಯ್ಯಿರಿ. ಮನೆಯ ಒಬ್ಬರಲ್ಲಿ ಜೀನಿನ ತಪ್ಪು ಯಾವುದು ಎಂದು ಖಚಿತವಾದ ಮೇಲೆ, ಉಳಿದವರಲ್ಲಿ ಅದೊಂದನ್ನೇ ಹುಡುಕಿದರೆ ಸಾಕು. ಆ ಪರೀಕ್ಷೆಯ ಖರ್ಚು ಎಕ್ಸೋಮ್‌ಗಿಂತ ಬಹಳ ಕಡಿಮೆ.